ಅಮ್ಮನ ಐದು ಭಾನುವಾರ

“ಭಾರತೀ, ಹೊರಟ್ಯನೇ? ಗದ್ದೆಲಿ ನೀರು ನಿಂತದೆ. ಸಸಿ ಕಿತ್ತು ಇಟ್ಟಾತು. ನೀ ಒಬ್ಳು ಬರುದು ಬಾಕಿ!”

ಅಂಗಳದಲ್ಲಿ ನಿಂತು ದುರ್ಗಮ್ಮ ಕೂಗಿದ ರಭಸಕ್ಕೆ ಜಗುಲಿಯ ಬೆಕ್ಕು ಎದ್ದು ಓಡಿತು. ಒಳಗೆ ಧನ್ಯಾಳ ಅಮ್ಮ ಭಾರತಿ ಟ್ರಂಕಿನಿಂದ ಹಳದಿ ಸೀರೆ ತೆಗೆದು ಕೊಡವುತ್ತಿದ್ದಳು. ಸೀರೆ ಹಿಡಿದುಕೊಂಡೇ ಹೊರಗೆ ಬಂದಳು.

“ಎಲ್ಲಿಗೆ ದುರ್ಗಕ್ಕಾ?”

“ಎಲ್ಲಿಗೆ ಅಂದ್ರೆ? ನಮ್ಮನೆ ನಟ್ಟಿಗೆ! ಮುಯ್ಯಾಳು ಬತ್ತೆ ಅಂದಿದ್ಯಲೆ?”

“ನಾನಾ? ನಾ ಯಾವಾಗ ಅಂದೆ?”

“ನೀ ಅಲ್ಲ. ನಿನ್ನ ಮಗಳು ಹೇಳ್ತು. ‘ಟಿಕೆಟ್ ತಕಂಡ್ರೆ ಅಮ್ಮ ಒಂದಿನ ಮುಯ್ಯಾಳು ಬತ್ತದೆ’ ಅಂತು. ನಾ ಮೂರು ಟಿಕೆಟ್ ತಕಂಡೆ. ಆ ಕಾಲ್ಚೆಂಡು ಯಾರಿಗೆ ಬೇಕು ಮಾರಾಯ್ತಿ? ನಿನ್ನ ಕೈ ಬೇಕು ನಂಗೆ!”

ಬಾಗಿಲ ಹಿಂದೆ ನಿಂತಿದ್ದ ಧನ್ಯಾ ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ದುರ್ಗಮ್ಮ ಇವತ್ತೇ ಬರುತ್ತಾಳೆಂದು ಅವಳು ಅಂದುಕೊಂಡಿರಲಿಲ್ಲ. ನಿಜ ಹೇಳಬೇಕೆಂದರೆ, ಟಿಕೆಟ್ ಮಾರಿದ ಮೇಲೆ ಅವಳು ಆ ಮಾತನ್ನೇ ಮರೆತಿದ್ದಳು.

ಮಳೆಗಾಲದಲ್ಲಿ ಮಾವಳ್ಳಿ ಕಡೆ ನಟ್ಟಿಗೆ ಆಳು ಸಿಗುವುದಿಲ್ಲ. ಎಲ್ಲರ ಗದ್ದೆಗೂ ಒಟ್ಟಿಗೇ ನೀರು ತುಂಬುತ್ತದೆ. ಹಾಗಾಗಿ ಇವತ್ತು ನಾನು ನಿನ್ನ ಗದ್ದೆಗೆ ಬಂದರೆ, ನಾಳೆ ನೀನು ನನ್ನ ಗದ್ದೆಗೆ ಬರಬೇಕು. ಅದೇ ಮುಯ್ಯಾಳು. ಬರುತ್ತೇನೆ ಎಂದು ಹೇಳಿ ಬಾರದಿದ್ದವರ ಮನೆಗೆ ಮರುವರ್ಷ ಯಾರೂ ಬರುವುದಿಲ್ಲ.

ಇದೆಲ್ಲ ಧನ್ಯಾಳಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದಳು.

ಆ ವರ್ಷ ಟೀವಿಯಲ್ಲಿ ವರ್ಲ್ಡ್ ಕಪ್ ಮುಗಿದದ್ದೇ ತಡ, ಊರಿನ ಜಟಕ ಫುಟ್‌ಬಾಲ್ ಕ್ಲಬ್ಬಿನವರಿಗೆ ಹುಚ್ಚು ಹಿಡಿದಿತ್ತು. ಗದ್ದೆಬಯಲಿನ ಆಚೆಯ ಮೈದಾನದಲ್ಲಿ ಐದು ಭಾನುವಾರ ಟೂರ್ನಮೆಂಟು. ಹೊನ್ನಾವರ, ಕುಮಟಾ, ಭಟ್ಕಳದ ಟೀಮುಗಳೆಲ್ಲ ಬರುತ್ತವೆ. ಒಂದೇ ಸೀಜನ್ ಟಿಕೆಟ್ ಕೊಂಡರೆ ಐದೂ ದಿನ ನೋಡಬಹುದು. ಆದರೆ ಟಿಕೆಟ್ ಹೋಗಲೇ ಇಲ್ಲ. ಆಗ ಕ್ಯಾಪ್ಟನ್ ಶ್ರೀನಾಥ ಶಾಲೆಗೆ ಬಂದು ಮಕ್ಕಳ ಮುಂದೆ ಹೊಸ ಚರ್ಮದ ಬಾಲು ಎತ್ತಿ ಹಿಡಿದ.

“ಯಾರು ಹೆಚ್ಚು ಟಿಕೆಟ್ ಮಾರ್ತ್ರೋ, ಅವ್ರಿಗೆ ಈ ಬಾಲು!”

ಧನ್ಯಾಳ ಅಣ್ಣ ವಿನೋದ ಆ ಟೀಮಿನ ಗೋಲಿ, ಅಂದರೆ ಗೋಲ್‌ಕೀಪರ್. ಅವನಿಗೆ ಇದು ಸರಿಬರಲಿಲ್ಲ.

“ಆಟ ಚಂದ ಇದ್ರೆ ಜನ ತಾವಾಗೇ ಬತ್ರು. ಬಾಲಿನ ಆಸೆ ಎಂತಕ್ಕೆ ತೋರ್ಸುದು?” ಎಂದ.

“ನೀ ಗೋಲು ಹಿಡಿ ಸಾಕು. ಟಿಕೆಟಿನ ಸುದ್ದಿ ನಂಗೆ ಬಿಡು,” ಎಂದ ಶ್ರೀನಾಥ.

ಧನ್ಯಾಳ ಐದನೇ ಕ್ಲಾಸಿನ ಹುಡುಗಿಯರ ಹತ್ತಿರ ಬಾಲು ಇರಲಿಲ್ಲ. ಹಳೇ ಬಟ್ಟೆ ಸುತ್ತಿ, ಬಳ್ಳಿ ಕಟ್ಟಿ ಆಡುತ್ತಿದ್ದರು. ಹುಡುಗರ ಬಾಲು ಕೇಳಿದರೆ ಅದೇ ಕ್ಲಾಸಿನ ಸಂತೋಷ, “ಹೋಗ್ರೇ, ನೀವು ಲಗೋರಿ ಆಡಿ,” ಎಂದು ಅಟ್ಟುತ್ತಿದ್ದ. ಆ ಚರ್ಮದ ಬಾಲು ತನಗೇ ಬರಬೇಕೆಂದು ಧನ್ಯಾ ಅವತ್ತೇ ಹಟ ತೊಟ್ಟಳು.

ಆದರೆ ಸಂತೋಷನ ಅಪ್ಪನದು ಅಂಗಡಿ. ಅವನು ಒಂದು ಟಿಕೆಟ್ಟಿಗೆ ಒಂದು ಮುಷ್ಟಿ ಪೆಪ್ಪರ್‌ಮಿಂಟ್ ಕೊಡತೊಡಗಿದ. ಜನ ಅವನ ಹತ್ತಿರವೇ ಹೋದರು. ಧನ್ಯಾಳ ಮನೆಯಲ್ಲಿ ಕೊಡಲು ಏನಿತ್ತು? ಅಪ್ಪ ಗೋವಾದಲ್ಲಿ ಕೂಲಿಗೆ ಹೋಗಿದ್ದ. ಅಮ್ಮ ವಾರವಿಡೀ ಹೊನ್ನಾವರ ಹಾದಿಯ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ಒಡೆಯುತ್ತಿದ್ದಳು.

ಒಂದು ಸಂಜೆ ದುರ್ಗಮ್ಮ, “ನಿನ್ನ ಅಮ್ಮನಷ್ಟು ಚುರುಕು ನಟ್ಟಿ ಮಾಡುವವ್ರು ಈ ಬಯಲಲ್ಲೇ ಇಲ್ಲ,” ಎಂದಳು. ಧನ್ಯಾಳಿಗೆ ತಟ್ಟನೆ ಹೊಳೆಯಿತು. ಕೊಡಲು ತನ್ನ ಮನೆಯಲ್ಲೂ ಏನೋ ಇದೆ!

ಅವತ್ತೇ ಅವಳ ಟಿಕೆಟ್ಟುಗಳು ಓಡತೊಡಗಿದವು.

ಈಗ ಅಂಗಳಕ್ಕೆ ಪಕ್ಕದ ಮನೆಯ ಬೆಳ್ಳಿಯೂ ಬಂದಳು. ತಲೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಸೊಂಟಕ್ಕೆ ಎತ್ತಿ ಕಟ್ಟಿದ ಸೀರೆ.

“ಭಾರತಕ್ಕಾ, ನಡಿ. ನಮ್ಮನೆ ಗದ್ದೆ ಕಾಯ್ತಾ ಉಂಟು.”

“ನಿಮ್ಮನೆಗಾ? ಭಾರತಿ ನಮ್ಮನೆಗೆ ಬರುದು!” ಎಂದಳು ದುರ್ಗಮ್ಮ.

“ಅದೆಂತ ಮಾತು? ನಾನೂ ಟಿಕೆಟ್ ತಕಂಡಿದ್ದೆ. ನಾಲ್ಕು!”

ಇಬ್ಬರೂ ಸೊಂಟಕ್ಕೆ ಕೈ ಕೊಟ್ಟು ನಿಂತರು. ಅಷ್ಟರಲ್ಲಿ ಕೆಳಗಿನ ಮನೆಯ ಅಣ್ಣಪ್ಪ ಬಂದ. ಅವನ ಹಿಂದೆ ಇನ್ನೆರಡು ಮನೆಯವರು. ಎಲ್ಲರ ಕೈಯಲ್ಲೂ ಹಸಿರು ಟಿಕೆಟ್. ಶನಿವಾರದ ಮಳೆಗೆ ಎಲ್ಲರ ಗದ್ದೆಯೂ ಒಂದೇ ಸಲ ತುಂಬಿತ್ತು.

ಅಮ್ಮ ನಿಂತಲ್ಲೇ ನಿಂತಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ತಿರುಗಿ ಬಾಗಿಲ ಹಿಂದಿನ ಧನ್ಯಾಳನ್ನು ನೋಡಿದಳು.

“ನನ್ನ ಕೈ ನೀ ಹಂಚಿ ಬಂದ್ಯಾ?”

ಧನ್ಯಾ ಬಾಗಿಲ ಚಿಲಕ ಹಿಡಿದುಕೊಂಡಳು.

“ಒಂದ್ ಮಾತು ನನ್ನ ಕೇಳ್ಬೇಕು ಅಂತ ಅನ್ನಿಸ್ಲಿಲ್ವನೇ?”

“ಕೇಳಿದ್ರೆ... ಬೇಡ ಹೇಳ್ತಿದ್ದೆ ನೀನು.”

ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದು ಧನ್ಯಾ ಕಾದಳು. ಅಮ್ಮ ಎರಡನ್ನೂ ಮಾಡಲಿಲ್ಲ. ಹಳದಿ ಸೀರೆಯನ್ನು ಮಡಚಿದಳು. ಗೇರುಬೀಜದ ಎಣ್ಣೆಗೆ ಕಪ್ಪಾಗಿ ಸುಲಿದ ಬೆರಳುಗಳು ಸೀರೆಯ ಅಂಚಿಗೆ ಸಿಕ್ಕಿಕೊಂಡವು. ಬಿಡಿಸಿಕೊಂಡು, ಸೀರೆಯನ್ನು ತಿರುಗಿ ಟ್ರಂಕಿಗೆ ಹಾಕಿದಳು.

“ಮಾತು ಕೊಟ್ಟಾತಲ, ತಪ್ಪುಕಾಗ್ತಿಲ್ಲೆ,” ಎಂದಳು ಹೊರಗೆ ಬಂದು. “ಇವತ್ತು ದುರ್ಗಕ್ಕಂಗೆ. ಬಪ್ಪು ಭಾನುವಾರ ಬೆಳ್ಳಿಗೆ. ಆಮೇಲೆ ನೀವು ಮೂರು ಜನ ನೀವೇ ಮಾತಾಡ್ಕಣಿ. ಫ್ಯಾಕ್ಟರಿ ರಜೆ ಭಾನುವಾರ ಒಂದೇ.”

ಅಣ್ಣಪ್ಪ ಬೆರಳು ಮಡಚಿ ನಕ್ಕ. “ಐದು ಮನೆ, ಐದು ಭಾನುವಾರ! ಹಂಗಾರೆ ನಿಂಗೂ ಸೀಜನ್ ಟಿಕೆಟ್ಟೇ ಆತಲ ಭಾರತೀ!”

ಎಲ್ಲರೂ ನಕ್ಕರು. ಅಮ್ಮನೂ ಸ್ವಲ್ಪ ನಕ್ಕಳು. ಧನ್ಯಾ ಮಾತ್ರ ಬೆಪ್ಪಾಗಿ ನಿಂತಳು. ಐದು ಭಾನುವಾರ! ಅಂದರೆ ಅಮ್ಮ ಒಂದೂ ಮ್ಯಾಚು ನೋಡುವುದಿಲ್ಲ. ವಿನೋದ ಕಾಲೇಜು ಸೇರಿದಾಗಿನಿಂದ ಗೋಲಿಯಾಗಿ ಆಡುತ್ತಿದ್ದ. ಅಮ್ಮ ಅದನ್ನು ಒಮ್ಮೆಯೂ ನೋಡಿರಲಿಲ್ಲ. ಇವತ್ತು ನೋಡುವುದೆಂದೇ ಆ ಹಳದಿ ಸೀರೆ.

ಮಧ್ಯಾಹ್ನ ಮೈದಾನಕ್ಕೆ ಹೋದ ಧನ್ಯಾಳಿಗೆ ಇನ್ನೊಂದು ಪೆಟ್ಟು ಕಾದಿತ್ತು. ತೆಂಗಿನ ಗರಿ ಹೆಣೆದ ಮಡ್ಲಿನ ಬೇಲಿಯೊಳಗೆ ಜನವೇ ಇರಲಿಲ್ಲ! ಒಂದಷ್ಟು ಹುಡುಗರು, ಛತ್ರಿ ಹಿಡಿದ ನಾಲ್ಕಾರು ಮುದುಕರು, ಅಷ್ಟೇ. ಸಾಲು ಬೆಂಚುಗಳು ಮಳೆಯಲ್ಲಿ ನೆನೆಯುತ್ತಿದ್ದವು.

ಶ್ರೀನಾಥ ತಲೆ ಕೆರೆದುಕೊಂಡ. “ಟಿಕೆಟೆಲ್ಲ ಖಾಲಿ ಆತು. ಜನ ಎಲ್ಲಿ ಹೋದ್ರಾ?”

ಎಲ್ಲಿ ಹೋಗುತ್ತಾರೆ? ಪೆಪ್ಪರ್‌ಮಿಂಟ್ ತಿಂದವರು ತಿಂದು ಮುಗಿಸಿದ್ದರು. ಧನ್ಯಾಳ ಟಿಕೆಟ್ ಕೊಂಡವರು ಗದ್ದೆಯಲ್ಲಿದ್ದರು.

ಆದರೂ ಮೈಕಿನಲ್ಲಿ ಅವಳ ಹೆಸರು ಕೂಗಿದರು. ಬಾಲು ಅವಳಿಗೇ ಬಂದಿತ್ತು. ಕೈಗೆ ತೆಗೆದುಕೊಂಡಳು. ಹೊಸ ಚರ್ಮದ ವಾಸನೆ. ಸಂತೋಷ ಮೂತಿ ಉಬ್ಬಿಸಿ, “ನಾ ಪೆಪ್ಪರ್‌ಮಿಂಟ್ ಕೊಟ್ಟೆ. ನೀ ಎಂತ ಕೊಟ್ಯೇ?” ಎಂದ.

ಧನ್ಯಾ ಬೆಂಚುಗಳ ಕಡೆ ತಿರುಗಿದಳು.

ಗ್ಲೌಸು ಹಾಕಿಕೊಳ್ಳುತ್ತಿದ್ದ ವಿನೋದ ಅವಳತ್ತ ಬಂದ. ಮುಂದಿನ ಬೆಂಚಿನ ಮೇಲೆ ಅವನ ಟವೆಲು ಹಾಸಿತ್ತು. ಅದು ಅಮ್ಮನಿಗೆ ಹಿಡಿದಿಟ್ಟ ಜಾಗ.

“ಅಮ್ಮ ಎಲ್ಲಿ? ಬಟ್ಟೆ ಬದಲ್ಸುಕೆ ಇಷ್ಟು ಹೊತ್ತಾ?”

“ಅಮ್ಮ... ದುರ್ಗಕ್ಕನ ಗದ್ದೆಲಿ.”

“ಇವತ್ತಾ? ಎಂತಕ್ಕೆ?”

ಅಷ್ಟರಲ್ಲಿ ಸೀಟಿ ಊದಿದರು. ವಿನೋದ ಟವೆಲನ್ನೊಮ್ಮೆ ನೋಡಿ, ಕೆಸರಿನಲ್ಲಿ ಗೋಲಿನ ಕಡೆ ಓಡಿದ.

ಧನ್ಯಾ ಮ್ಯಾಚು ನೋಡಲಿಲ್ಲ. ಬಾಲನ್ನು ಹೊಟ್ಟೆಗೆ ಅವುಚಿಕೊಂಡು ಗದ್ದೆಯಂಚಿನ ಮಣ್ಣಿನ ಹಾಳಿಯ ಮೇಲೆ ಓಡಿದಳು. ಎರಡು ಸಲ ಜಾರಿ ಬಿದ್ದಳು. ಬಾಲು ಬಿಡಲಿಲ್ಲ.

ದುರ್ಗಮ್ಮನ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿದ್ದರು. ಎಲ್ಲರಿಗಿಂತ ಮುಂದೆ ಇದ್ದದ್ದು ಅಮ್ಮ. ಮೈದಾನದಿಂದ ಹೋ ಎಂಬ ಕೂಗು ತೇಲಿಬಂತು. ಅಮ್ಮ ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾದಳು. ಆ ಕಡೆ ಕಿವಿಗೊಟ್ಟು ನಿಂತಳು. ಕೂಗು ನಿಂತಿತು. ಅಮ್ಮ ಮತ್ತೆ ಬಗ್ಗಿದಳು.

ಮತ್ತೊಂದು ಕೂಗು. ಮತ್ತೆ ನೆಟ್ಟಗಾದಳು.

ಧನ್ಯಾ ಹಾಳಿಯ ಮೇಲೆ ಕಲ್ಲಿನಂತೆ ನಿಂತಿದ್ದಳು. ಮಳೆಯ ನೀರು ಅವಳ ಮೂಗಿನಿಂದ ಬಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಆಮೇಲೆ ಬಾಲನ್ನು ಕೆಳಗಿಟ್ಟಳು. ಲಂಗ ಎತ್ತಿ ಕಟ್ಟಿ ಗದ್ದೆಗೆ ಇಳಿದಳು.

ಅಮ್ಮ ಬಗ್ಗಿದಲ್ಲಿಂದಲೇ ಕೇಳಿದಳು. “ಮ್ಯಾಚು?”

“ನಡೀತಾ ಇದ್ದು.”

“ಅಣ್ಣ ಹ್ಯಾಂಗೆ ಆಡ್ತ?”

“ಗೊತ್ತಿಲ್ಲ. ನೋಡ್ಲಿಲ್ಲ.”

ಅಮ್ಮ ಅವಳ ಕೈಗೊಂದು ಹಿಡಿ ಸಸಿ ಕೊಟ್ಟಳು. ಧನ್ಯಾ ನೆಟ್ಟ ಸಾಲು ಹಾವಿನಂತೆ ಹರಿಯಿತು. ದುರ್ಗಮ್ಮ ಕಿಲಕಿಲ ನಕ್ಕಳು.

“ಎಂತದೇ ಅದು? ನಿನ್ನ ಸಸಿ ಎಲ್ಲ ಫುಟ್‌ಬಾಲ್ ನೋಡುಕೆ ಹೊರಟವಾ?”

ಧನ್ಯಾ ಸಾಲು ಸರಿ ಮಾಡಿದಳು. ಸ್ವಲ್ಪ ಹೊತ್ತಿಗೇ ಸೊಂಟ ಉರಿಯತೊಡಗಿತು. ಅಮ್ಮನಿಗೆ ಇದು ಬೆಳಿಗ್ಗೆಯಿಂದ. ಇನ್ನೂ ನಾಲ್ಕು ಭಾನುವಾರ.

“ದುರ್ಗಕ್ಕಾ,” ಎಂದಳು. “ಬಪ್ಪು ಭಾನುವಾರ ಅಮ್ಮ ಮ್ಯಾಚಿಗೆ ಹೋಗ್ತದೆ. ಬೆಳ್ಳಕ್ಕನ ಗದ್ದೆಗೆ ನಾ ಬತ್ತೆ.”

“ನೀನಾ? ನಿನ್ನಂತವ್ರು ನಾಲ್ಕು ಜನ ಸೇರಿದ್ರೂ ನಿನ್ನ ಅಮ್ಮನಷ್ಟು ಕೆಲಸ ಆಗ್ಲಿಕ್ಕಿಲ್ಲ.”

ನಾಲ್ಕು ಜನ. ಧನ್ಯಾ ತಲೆ ಎತ್ತಿ ಹಾಳಿಯ ಮೇಲಿನ ಬಾಲನ್ನು ನೋಡಿದಳು. ಮಳೆಯಲ್ಲಿ ತೊಳೆದು ಅದು ಥಳಥಳ ಹೊಳೆಯುತ್ತಿತ್ತು. ಕ್ಲಾಸಿನ ಹುಡುಗಿಯರಿದ್ದಾರೆ. ನಟ್ಟಿಗೆ ಬಂದವರಿಗೆ ಮಾತ್ರ ಈ ಬಾಲು ಆಡಲಿಕ್ಕೆ ಎಂದು ಹೇಳಿದರೆ ಎಲ್ಲರೂ ಓಡಿ ಬರುತ್ತಾರೆ!

ಅದನ್ನೇ ಹೇಳಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಪಕ್ಕದಲ್ಲಿ ಅಮ್ಮನ ಕಪ್ಪು ಬೆರಳುಗಳು ಕೆಸರಿನೊಳಗೆ ಹೋಗುತ್ತಿದ್ದವು, ಬರುತ್ತಿದ್ದವು.

“ಕೇಳಿ ನೋಡ್ತೆ,” ಎಂದಳು ಮೆಲ್ಲಗೆ. “ಮೊದ್ಲು ನಮ್ಮ ಕ್ಲಾಸಿನ ಹುಡುಗಿಯರನ್ನ ಕೇಳ್ತೆ.”

ಮೈದಾನದಿಂದ ಮತ್ತೆ ಕೂಗು ಎದ್ದಿತು. ಈ ಸಲ ಅಮ್ಮನೂ ಮಗಳೂ ಒಟ್ಟಿಗೇ ನೆಟ್ಟಗಾದರು.