ಸಹಿ ಮಾಡಿದ ಕೈ

"ಕೋಟೆ ಬಾಗಿಲಲ್ಲಿ ಒಂದು ಪುಸ್ತಕ ಇಟ್ಟಿರ್ತಾರೆ ಸಾರ್. ಅದರಲ್ಲಿ ಮಾತ್ರ ಸಹಿ ಹಾಕ್ಬೇಡಿ. ತೀರಾ ಬಲವಂತ ಮಾಡಿದ್ರೆ ಹೆಬ್ಬೆಟ್ಟು ಒತ್ತಿ ಬಂದ್ಬಿಡಿ."

ಲಾಡ್ಜಿನ ಯಜಮಾನ ಗೋಡೆಗೂ ಕೇಳಬಾರದೆಂಬಂತೆ ದನಿ ತಗ್ಗಿಸಿದ್ದ. ಬೂಟಿನ ಲೇಸು ಕಟ್ಟುತ್ತಿದ್ದ ಇಂಜಿನಿಯರು ಹೊಟ್ಟೆ ಕುಲುಕುವಂತೆ ನಕ್ಕ.

"ಇಪ್ಪತ್ತೆಂಟು ವರ್ಷ ಸಹಿ ಹಾಕೇ ಅನ್ನ ತಿಂದವನು ಕಣ್ರೀ ನಾನು. ಈಗ ಹೆಬ್ಬೆಟ್ಟು ಒತ್ತಿದ್ರೆ ನನ್ನ ಹೆಂಡ್ತಿನೇ ಬಿಟ್ಟು ಹೋಗ್ತಾಳೆ."

ಹೆಂಡತಿ ನಗಲಿಲ್ಲ. "ಸಹಿ ಹಾಕಿದ್ರೆ ಏನಾಗತ್ತೆ?" ಎಂದು ಕೇಳಿದಳು.

"ಇದುವರೆಗೆ ಯಾರಿಗೂ ಏನೂ ಆಗಿಲ್ಲಮ್ಮ. ಅದೇ ಭಯ. ಆಕೆ ಇನ್ನೂ ಹುಡುಕ್ತಿದ್ದಾಳೆ ಅಂತ ಅರ್ಥ."

ಯಾರನ್ನು ಎಂದು ಕೇಳುವಷ್ಟರಲ್ಲಿ ಯಜಮಾನ ಒಳಗೆ ಹೋಗಿಬಿಟ್ಟ.

ಕಡಲಿನಿಂದ ಮುನ್ನೂರು ಅಡಿ ಮೇಲೆ, ಬಂಡೆಯ ನೆತ್ತಿಯಲ್ಲಿ ಕೂತ ಹಳೆಯ ಊರು ಅದು. ಕಲ್ಲು ಹಾಸಿದ ಓಣಿಗಳು, ಉಪ್ಪುಗಾಳಿಗೆ ಬಣ್ಣ ಕಳಚಿದ ಕಿಟಕಿಗಳು. ಊರಾಚೆ ಮುರುಕು ಕೋಟೆ. ಕೋಟೆಯಿಂದ ದೀಪಸ್ತಂಭದವರೆಗೆ ಬಂಡೆಯ ಅಂಚಿಗಂಟಿಕೊಂಡು ಸಾಗುವ ಎರಡು ಮೈಲಿ ಕಾಲುದಾರಿ. ಆ ದಾರಿಯಲ್ಲೊಮ್ಮೆ ನಡೆಯಬೇಕೆಂಬುದು ಹೆಂಡತಿಯ ಬಹಳ ದಿನಗಳ ಆಸೆ. ಅವನು ಏನೇನೋ ನೆಪ ಹೇಳಿ ತಪ್ಪಿಸಿದ್ದ. ಈ ಸಲ ನೆಪಗಳು ಮುಗಿದಿದ್ದವು.

ನಿಜವಾದ ಕಾರಣವನ್ನು ಅವಳಿಗೆ ಹೇಳುವಂತಿರಲಿಲ್ಲ. ಮೂರೂವರೆ ವರ್ಷದ ಹಿಂದೆ ಆ ದಾರಿಗೆ ಕಬ್ಬಿಣದ ಕಂಬಿ ಹಾಕಿದಾಗ, "ಸ್ಥಳಕ್ಕೆ ಖುದ್ದಾಗಿ ಭೇಟಿ ನೀಡಿ ಪರಿಶೀಲಿಸಲಾಗಿದೆ, ಕಂಬಿಗಳು ಭದ್ರವಾಗಿವೆ" ಎಂಬ ಪತ್ರಕ್ಕೆ ಸಹಿ ಹಾಕಿದವನು ಅವನೇ. ಹಾಕಿದ್ದು ಇನ್ನೂರು ಮೈಲಿ ದೂರದ ಕಚೇರಿಯಲ್ಲಿ, ಕಾಫಿಯ ಎರಡು ಗುಟುಕಿನ ನಡುವೆ. ನಾಲ್ಕು ತಿಂಗಳಿಗೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕಂಬಿಗೆ ಒರಗಿ ಹಕ್ಕಿ ನೋಡುತ್ತಿದ್ದಳು. ಕಂಬಿಯ ಸಮೇತ ಕೆಳಗೆ ಹೋದಳು. ಗುತ್ತಿಗೆದಾರ ಜೈಲು ಸೇರಿದ. ಪತ್ರದ ಮೇಲಿನ ಸೀಲು ಅಳಿಸಿತ್ತು, ಸಹಿ ಯಾರದೆಂದು ಕಚೇರಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಅಥವಾ ಗೊತ್ತಾಗಬಾರದೆಂದು ಎಲ್ಲರೂ ಸೇರಿ ನಿಶ್ಚಯಿಸಿದರು. ಕಡತ ಮುಚ್ಚಿತು. ಅವನೂ ಮರೆತಿದ್ದ. ಮರೆತಿದ್ದೇನೆ ಎಂದುಕೊಂಡಿದ್ದ.

ಕೋಟೆಯ ಕಮಾನಿನಡಿ ಒಬ್ಬ ಹೆಂಗಸು ಬಲೆ ಹೆಣೆಯುತ್ತ ಕೂತಿದ್ದಳು. ಎದುರಿಗೆ ಮೇಜು, ಮೇಜಿನ ಮೇಲೆ ದಪ್ಪ ಪುಸ್ತಕ, ಪಕ್ಕದಲ್ಲಿ ಬೂದಿ ಮುಚ್ಚಿದ ಕೆಂಡದ ಮಡಕೆ. ಅವಳು ತಲೆಯೆತ್ತದೆ ಪುಸ್ತಕ ಮುಂದೆ ತಳ್ಳಿದಳು.

"ಬೇಡ ರೀ," ಎಂದಳು ಹೆಂಡತಿ.

"ಸುಮ್ನಿರೇ, ನೀನೂ ಸರಿ," ಎನ್ನುತ್ತ ಅವನು ಪೆನ್ನು ತೆಗೆದ. ಅವನ ಸಹಿಯೆಂದರೆ ಸಾಮಾನ್ಯದ್ದಲ್ಲ. ಹೆಡೆಯೆತ್ತಿದ ಹಾವಿನಂತೆ ಮೇಲೆದ್ದು, ಮೂರು ಸುತ್ತು ಸುತ್ತಿ, ಬಾಲದಲ್ಲಿ ಎರಡು ಚುಕ್ಕೆ. ಅದನ್ನು ಅವನು ತುಸು ದೊಡ್ಡದಾಗಿಯೇ ಎಳೆದ.

ಹೆಂಗಸಿನ ಕೈ ನಿಂತಿತು. ರವಿಕೆಯೊಳಗಿಂದ ಮಡಿಕೆಗಳಲ್ಲಿ ಸವೆದ, ಸೀಲು ಅಳಿಸಿದ ಒಂದು ಪತ್ರದ ಪ್ರತಿ ಹೊರಬಂತು. ಅವಳು ಅದನ್ನು ನೋಡಿದಳು. ಪುಸ್ತಕ ನೋಡಿದಳು. ಕೊನೆಗೆ ಅವನನ್ನು ನೋಡಿದಳು.

"ಚೆನ್ನಾಗಿದೆ ಸಹಿ," ಎಂದಳು. "ಹೋಗ್ಬನ್ನಿ."

ಕಾಲುದಾರಿ ನಿಜಕ್ಕೂ ಚೆಲುವಾಗಿತ್ತು. ಕೆಳಗೆ ಅಲೆ ಬಂಡೆಗೆ ಬಡಿದು ಬಿಳಿಯಾಗಿ ಚೆಲ್ಲುತ್ತಿತ್ತು. ಹೆಂಡತಿ ಫೋಟೋ ತೆಗೆದಳು. ಅರ್ಧ ಮೈಲಿ ನಡೆದಿರಬೇಕು, ಕಡಲಿನಿಂದ ಮಂಜು ಎದ್ದಿತು. ನೋಡನೋಡುತ್ತಿದ್ದಂತೆ ದೀಪಸ್ತಂಭ ಕಾಣದಾಯಿತು. ಹಕ್ಕಿಗಳ ಸದ್ದು ಕತ್ತರಿಸಿದಂತೆ ನಿಂತಿತು. ನಡುಹಗಲಲ್ಲೇ ಕಣ್ಣಿಗೆ ಬೂದು ಕತ್ತಲೆ. ಗಾಳಿಯಲ್ಲಿ ಪಾಚಿಯ ಕೊಳೆತ ವಾಸನೆ; ಅದರ ಬೆನ್ನಿಗೇ ಇನ್ನೊಂದು ವಾಸನೆ, ಕೂದಲು ಸುಟ್ಟದ್ದು.

"ವಾಪಸ್ ಹೋಗೋಣ ರೀ."

"ಕಂಬಿ ಹಿಡ್ಕೊಂಡು ಬಾ. ಹೊಸ ಕಂಬಿ ಹಾಕಿದ್ದಾರೆ, ಗಟ್ಟಿ ಇದೆ," ಎನ್ನುತ್ತ ಅವನು ಬಲಗೈಯಿಂದ ಕಂಬಿ ಹಿಡಿದ.

ಕೈ ಮುಚ್ಚಿಕೊಂಡಿತು. ಅವನು ಮುಚ್ಚಲಿಲ್ಲ. ಅದೇ ಮುಚ್ಚಿಕೊಂಡಿತು. ಬಿಡಿಸಲು ನೋಡಿದ, ಬರಲಿಲ್ಲ. ಎಡಗೈಯಿಂದ ಬೆರಳುಗಳನ್ನು ಮೀಟಿದ. ಉಗುರು ಸೀಳಿತು, ಬೆರಳು ಅಲ್ಲಾಡಲಿಲ್ಲ. ಹೆಂಡತಿ ಹಿಡಿದೆಳೆದಳು. ಕಿರುಚಿದಳು. ನಂತರ ಕೋಟೆಯ ಕಡೆ ಓಡಿದಳು.

ಅವನೊಬ್ಬನೇ ಉಳಿದ. ಕಂಬಿ ಕಿರ್ರೆಂದಿತು. ಬುಡದ ಕಲ್ಲು ಬಿರಿಯಿತು. ಕಂಬಿ ಹೊರಕ್ಕೆ ಬಾಗಿತು, ಅವನೂ ಬಾಗಿದ. ಎದೆ ಅಂಚಿನಾಚೆ. ಕಣ್ಣ ಕೆಳಗೆ ಬರೀ ಮಂಜು. ಆಗ ಮುಂಗೈಯನ್ನು ಏನೋ ಹಿಡಿಯಿತು. ತಣ್ಣಗಿತ್ತು. ಒದ್ದೆಯಾಗಿತ್ತು. ಐದು ಪುಟ್ಟ ಬೆರಳು.

"ಕೈ ಬಿಡ್ಬೇಡಿ ಮಾಮಾ."

ಕೆಳಗೆ ಯಾರೂ ಇರಲಿಲ್ಲ. ಭಾರ ಮಾತ್ರ ಇತ್ತು. ಭುಜದ ಕೀಲು ಚಟಕ್ಕೆಂದಿತು.

ಎಷ್ಟೋ ಹೊತ್ತಿನ ಮೇಲೆ ಹಿಂದೆ ಹೆಜ್ಜೆಯ ಸದ್ದು. ಬಲೆಯ ಹೆಂಗಸು ಬಂದಿದ್ದಳು, ಅವಸರವಿಲ್ಲದೆ. ಅವಳ ಸೆರಗು ಹಿಡಿದು ಅಳುತ್ತಿದ್ದ ಹೆಂಡತಿಯನ್ನು ಅವಳು ಗಮನಿಸಲೇ ಇಲ್ಲ. ಬೆರಳುಗಳ ನಡುವೆ ಪುಸ್ತಕದಿಂದ ಹರಿದ, ಅವನ ಸಹಿಯಿದ್ದ ಚೂರು; ಅದರ ಸುತ್ತ ತುದಿ ಸುಟ್ಟ ಕೂದಲಿನ ಎಳೆ, ಎಳೆಯ ತುಂಬ ಗಂಟು.

"ಒಂದೇ ಮಾತು ಕೇಳ್ತೀನಿ ಸಾರ್. ನೀವು ಬಂದು ನೋಡಿದ್ರಾ?"

"ನೋಡಿದ್ದೆ! ದೇವರಾಣೆ, ಎಲ್ಲಾ ಸರಿಯಿತ್ತು..."

ಒಂದು ಕಂಬ ಕಿತ್ತು ಮಂಜಿನೊಳಗೆ ಹೋಯಿತು. ಬಿದ್ದ ಸದ್ದು ಬಹಳ ಹೊತ್ತು ಬರಲಿಲ್ಲ.

"ಬಂದು ನೋಡಿದ್ರಾ?"

"ಇಲ್ಲ! ಇಲ್ಲಮ್ಮಾ, ಬಂದಿರ್ಲಿಲ್ಲ! ಕೂತಲ್ಲೇ ಹಾಕ್ಬಿಟ್ಟೆ. ತಪ್ಪಾಯ್ತು, ಕಾಪಾಡಿ!"

ಹೆಂಡತಿಯ ಅಳು ಅಲ್ಲಿಗೇ ನಿಂತುಹೋಯಿತು. ಅವಳು ಗಂಡನನ್ನೇ ನೋಡುತ್ತ ನಿಂತಳು.

"ನಿಮ್ಮನ್ನ ಕೆಳಗೆ ಹಾಕಿದ್ರೆ ಒಂದು ಗಳಿಗೇಲಿ ಮುಗೀತದೆ," ಎಂದಳು ಹೆಂಗಸು. "ನನಗೆ ಮೂರು ವರ್ಷದಿಂದ ಮುಗ್ದಿಲ್ಲ. ನನ್ನ ಮಗಳು ಇದ್ದಿದ್ರೆ ಬೆಳೀತಿದ್ಲು. ಇನ್ಮೇಲೆ ನಿಮ್ಮ ಕೈಲಿ ಬೆಳೀಲಿ." ಚೂರನ್ನು ಬಾಯಿಗೆ ಹಾಕಿ ನುಂಗಿದಳು.

ಕಂಬಿ ಹಿಡಿದಿದ್ದ ಅವನ ಬೆರಳು ಸಡಿಲಿದವು. ಕಂಬಿ ಕಳಚಿ ಬಿತ್ತು. ಯಾರೋ ಹಿಂದಕ್ಕೆ ಎಳೆದಂತೆ ಅವನು ದಾರಿಯ ಮೇಲೆ ಅಂಗಾತ ಬಿದ್ದ. ಬದುಕಿದ್ದ. ನಗು ಬಂತು, ಅಳು ಬಂತು. ಏಳಲು ಹೋದ. ಬಲಗೈ ಏಳಲಿಲ್ಲ.

ಹೆಂಗಸು ಅವನ ಕೈಯ ಪಕ್ಕ ಮಂಡಿಯೂರಿದ್ದಳು. ಬರಿಯ ಗಾಳಿಯಲ್ಲಿ ಕೂದಲು ನೇವರಿಸುತ್ತಿದ್ದಳು. "ಚಳಿ ಆಯ್ತಾ ಕಂದ?" ಎಂದು ಕೇಳುತ್ತಿದ್ದಳು.

ವೈದ್ಯರು ನರ ನೋಡಿದರು, ಮೂಳೆ ನೋಡಿದರು. ಎಲ್ಲವೂ ನೆಟ್ಟಗಿತ್ತು. ತೂಕದ ಯಂತ್ರದ ಮೇಲೆ ಮಾತ್ರ ಅವನು ಇರಬೇಕಾದ್ದಕ್ಕಿಂತ ಇಪ್ಪತ್ನಾಲ್ಕು ಕಿಲೋ ಹೆಚ್ಚು ತೂಗಿದ. ಯಂತ್ರ ಬದಲಾಯಿಸಿದರು. ಅದೂ ಅಷ್ಟೇ ತೋರಿಸಿತು. ಅವನು ಕೆಲಸ ಬಿಟ್ಟ. ಹೆಂಡತಿ ಅನ್ನ ಕಲಸಿ ತಿನ್ನಿಸುತ್ತಾಳೆ, ಅಂಗಿ ತೊಡಿಸುತ್ತಾಳೆ. ಅಂದಿನಿಂದ ಅವನೊಡನೆ ಒಂದು ಮಾತೂ ಆಡಿಲ್ಲ.

ವರ್ಷಕ್ಕೊಮ್ಮೆ, ಬೆಳಗಿನ ಬಸ್ಸಿಗೆ, ಆ ಹೆಂಗಸು ಬರುತ್ತಾಳೆ. ಹೆಂಡತಿಯೇ ಬಾಗಿಲು ತೆರೆದು ಚಾಪೆ ಹಾಸುತ್ತಾಳೆ. ಅವನ ಬಲಗೈಯ ಪಕ್ಕ ಗಾಳಿಯಲ್ಲಿ ಅಂಗೈ ಆಡಿಸಿ ಆಕೆ ಮಗಳ ಎತ್ತರ ಅಳೆಯುತ್ತಾಳೆ. ಮೊದಲ ವರ್ಷ ಅಂಗೈ ಅವನ ಹೊಟ್ಟೆಯ ಮಟ್ಟಕ್ಕೆ ನಿಂತಿತ್ತು. ಈ ವರ್ಷ ಎದೆ ದಾಟಿ ಭುಜದ ಹತ್ತಿರ ಬಂತು. ಅವನು ಗೋಡೆಗೊರಗಿ ಏದುಸಿರು ಬಿಡುತ್ತಿದ್ದ.

ಹೆಂಗಸಿನ ಮುಖ ಹಿಗ್ಗಿನಿಂದ ಅರಳಿತು.

"ಗಟ್ಟಿಯಾಗಿ ಹಿಡ್ಕೊಳ್ಳಿ ಸಾರ್," ಎಂದಳು. "ಇನ್ನೂ ಬೆಳೆಯೋ ಮಗು."