ಗಪ್‌ಚುಪ್ ಮಾಮ ಕೈಬಿಟ್ಟ ತರಗತಿ

"ರೀ... ಮಗು ಅಳ್ತಾ ಇರೋದು ಕಾಣ್ತಾ ಇಲ್ವಾ ನಿಮಗೆ?!"

ಟೀಚರ್ ದನಿಗೆ ಇಡೀ ಶಿಶುವಿಹಾರ ಗಪ್ಪಾಯಿತು. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದ ಆ ಉದ್ದನೆಯ ಯುವಕ ಮಾತ್ರ ಅಲುಗಲೂ ಇಲ್ಲ. ಅವನೆದುರು ಐದು ವರ್ಷದ ಹುಡುಗಿಯೊಬ್ಬಳು ಶೂ ಲೇಸಿನ ಜೊತೆ ಗುದ್ದಾಡಿ ಸೋತು ಗೊಳೋ ಎಂದು ಅಳುತ್ತಿದ್ದಳು. ಅವನೋ, ಗಡಿಯಾರ ನೋಡಿಕೊಂಡು ಪುಸ್ತಕದಲ್ಲಿ ಏನೋ ಗೀಚುತ್ತಿದ್ದ, ಮಹಾನುಭಾವ!

ಟೀಚರ್ ಓಡಿಬಂದು ನೆಲದ ಮೇಲೆ ಕೂತಳು.

"ಈ ಕುಣಿಕೆ ನೀನು ಹಿಡ್ಕೋ, ಆ ಕುಣಿಕೆ ನಾನು. ಈಗ ಎಳಿ ನೋಡೋಣ."

ಗಂಟು ಬಿತ್ತು! ಹುಡುಗಿ ಕಣ್ಣೊರೆಸಿಕೊಂಡು, "ಯಾಕೆ ಬಿತ್ತು?" ಎಂದಳು. ಎಲ್ಲದಕ್ಕೂ ಯಾಕೆ ಯಾಕೆ ಎನ್ನುವ ಅವಳನ್ನು ಶಾಲೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದೇ ಯಾಕಮ್ಮ ಎಂದು.

ಅವನು ಒಮ್ಮೆ ತಲೆಯೆತ್ತಿ ನೋಡಿದ. ಕಣ್ಣು ಕಣ್ಣು ಕೂಡಿದವು. ಟೀಚರ್ ಎದೆ ಧಸಕ್ಕೆಂದಿತು.

'ಥೂ! ಇಂಥ ಕಲ್ಲುಮನುಷ್ಯನಿಗೆ ಇಷ್ಟು ಚೆಂದದ ಕಣ್ಣು ಯಾಕೆ ಕೊಟ್ಟನೋ ದೇವರು...'

ಮಧ್ಯಾಹ್ನ ಸ್ಟಾಫ್ ರೂಮಿಗೆ ಅವನೇ ಬಂದ. ಪಕ್ಕದ ಬೀದಿಯ ಕಾಲೇಜಿನ ಸಂಶೋಧಕ. ಮಕ್ಕಳು ಹೇಗೆ ಕಲಿಯುತ್ತಾರೆಂದು ಆರು ವಾರ ಕೂತು ನೋಡಿ ಪ್ರಬಂಧ ಬರೆಯಬೇಕಂತೆ.

"ಸಾರಿ ಮೇಡಂ. ತರಗತಿ ಒಳಗೆ ನಾನು ಮಾತಾಡೋ ಹಾಗಿಲ್ಲ, ಸಹಾಯನೂ ಮಾಡೋ ಹಾಗಿಲ್ಲ. ಅದು ನಮ್ಮ ನಿಯಮ. ನಾನು ಕೈ ಹಾಕಿದ್ರೆ ನೋಡ್ಬೇಕಾದ್ದೇ ಕೆಟ್ಟುಹೋಗುತ್ತೆ."

"ಮಗು ಅತ್ರೂ?"

"ಮಗು ಅಂದ್ರೆ ಪುಟ್ಟ ವಿಜ್ಞಾನಿ ಮೇಡಂ. ಎಡವುತ್ತೆ, ಯೋಚಿಸುತ್ತೆ, ಕಾಲ ಕೂಡಿ ಬಂದಾಗ ತಾನೇ ಕಂಡುಹಿಡಿಯುತ್ತೆ. ನಾವು ಅವಸರ ಮಾಡಿದ್ರೆ ಬಾಯಿಪಾಠ ಬರುತ್ತೆ, ಅರ್ಥ ಬರಲ್ಲ."

"ನಾನು ಹಾಗೆ ನಂಬಲ್ಲ ಸರ್. ಜೊತೆಗೊಬ್ರು ಇದ್ರೆ ಇವತ್ತು ಮಾಡೋದನ್ನ, ಮಗು ನಾಳೆ ಒಂಟಿಯಾಗೇ ಮಾಡುತ್ತೆ!"

ಮೂಲೆಯಲ್ಲಿದ್ದ ಹೆಡ್ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಸರಿ ಮಾಡಿದ್ರೆ ಚಾಕೊಲೇಟು, ತಪ್ಪು ಮಾಡಿದ್ರೆ ಮೂಲೆ. ನಮ್ಮ ಕಾಲದಲ್ಲಿ ಅಷ್ಟೇ ಸಿದ್ಧಾಂತ!"

"ಅದು ಬೇಡ ಮೇಡಂ!"

ಇಬ್ಬರೂ ಒಟ್ಟಿಗೇ ಕೂಗಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕುಬಿಟ್ಟರು.

ಪಂದ್ಯ ಕಟ್ಟಿದ್ದು ಮಾರನೇ ದಿನ. ಅವನು ಮೊದಲೇ ಹೇಳಿಕೊಟ್ಟಿದ್ದಂತೆ ಟೀಚರ್ ಒಂದೇ ಅಳತೆಯ ಎರಡು ಲೋಟದಲ್ಲಿ ಸಮನಾಗಿ ನೀರಿಟ್ಟು, ಒಂದರದ್ದನ್ನು ಮಕ್ಕಳ ಎದುರಿಗೇ ಸಪೂರ ಬಾಟಲಿಗೆ ಸುರಿದು, ಯಾವುದರಲ್ಲಿ ಜಾಸ್ತಿ ಎಂದು ಕೇಳಿದ್ದಳು. "ಉದ್ದದ್ರಲ್ಲಿ!" ಎಂದು ಯಾಕಮ್ಮ ಕಿರುಚಿದ್ದಳು.

"ಇದು ತಲೆಗೆ ಹೋಗೋಕೆ ಇನ್ನೊಂದು ವರ್ಷನಾದ್ರೂ ಬೇಕು," ಎಂದ ಅವನು, ಸ್ಟಾಫ್ ರೂಮಿಗೆ ಬಂದ ಮೇಲೆ.

"ನೀವಿರೋ ಆರು ವಾರ ಸಾಕು," ಎಂದಳು ಅವಳು.

ಅಲ್ಲಿಂದ ಶುರುವಾಯಿತು ನೀರಾಟ. ದಿನವೂ ತೊಟ್ಟಿಯ ಪಕ್ಕ ಮಕ್ಕಳ ಜೊತೆ ಸುರಿಯುವುದು, ತುಂಬುವುದು, ಕೇಳುವುದು. ಉತ್ತರ ಮಾತ್ರ ಅವಳು ಹೇಳಿಕೊಡುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವನ ಜೊತೆ ದಿನಾ ವಾದ. ತರಗತಿಯೊಳಗೆ ಬಂದರೆ ಅವನು ಕಂಬ. ಅವಳು ನಕ್ಕರೆ ತಟ್ಟನೆ ತಲೆ ಬಗ್ಗಿಸಿ ಪುಸ್ತಕದೊಳಗೆ ಮುಳುಗುತ್ತಿದ್ದ. ಮಕ್ಕಳು ಅವನಿಗೆ ಗಪ್‌ಚುಪ್ ಮಾಮ ಎಂದು ಹೆಸರಿಟ್ಟರು.

"ಊಟಕ್ಕೆ ಕೂತಾಗಿಂದ ಇದು ನಾಲ್ಕನೇ ಸಲ ಅವರ ಸುದ್ದಿ," ಮನೆಯಲ್ಲಿ ಅತ್ತಿಗೆ ಕಾಲೆಳೆದರು. "ಪಾಠ ಮಾಡೋಕೆ ಹೋಗ್ತೀಯೋ, ಜಗಳ ಆಡೋಕೆ ಹೋಗ್ತೀಯೋ?"

"ಹೋಗಿ ಅತ್ತಿಗೆ!" ಅವಳ ಕೆನ್ನೆ ಕೆಂಪಾಯಿತು. ಒಳಗೊಳಗೇ ಮಾತ್ರ ಸಂಕಟ. 'ಇನ್ನು ನಾಲ್ಕೇ ದಿನ... ಆಮೇಲೆ ಬರೋದೇ ಇಲ್ಲ ಅವರು. ಏನೂ ಹೇಳದೆ ಹೊರಟುಬಿಟ್ಟರೆ?'

ಗುರುವಾರ ತೊಟ್ಟಿಯ ಬಳಿ ರಂಪ. ತನ್ನ ಲೋಟಕ್ಕಿಂತ ಯಾಕಮ್ಮನ ಬಾಟಲಿಯಲ್ಲಿ ನೀರು ಜಾಸ್ತಿ ಇದೆಯೆಂದು ಅವಳ ಗೆಳತಿ ಅಳುತ್ತಿದ್ದಳು. ಟೀಚರ್ ಬಾಯಿ ತೆರೆಯುವ ಮೊದಲೇ ಯಾಕಮ್ಮ ನೀರನ್ನು ವಾಪಸ್ ಲೋಟಕ್ಕೆ ಸುರಿದಳು.

"ನೋಡು, ನಿನ್ನಷ್ಟೇ! ಬಾಟ್ಲಿ ಸಣ್ಣ ಅಲ್ವಾ, ಅದಕ್ಕೇ ಮೇಲೆ ಹೋಯ್ತು. ನಾನು ಬೇರೆ ನೀರು ಹಾಕೇ ಇಲ್ಲ!"

ಯಾರೂ ಹೇಳಿಕೊಡದ ಮಾತು! ಟೀಚರ್ ತಿರುಗಿದರೆ, ಗಪ್‌ಚುಪ್ ಮಾಮ ಎದ್ದು ನಿಂತಿದ್ದ. ಪೆನ್ನು ನೆಲದ ಮೇಲಿತ್ತು.

"ಶಭಾಷ್!" ಎಂದು ಕೂಗಿ ಚಪ್ಪಾಳೆ ತಟ್ಟಿಬಿಟ್ಟ.

"ಗಪ್‌ಚುಪ್ ಮಾಮ ಮಾತಾಡಿದ್ರೂ..." ಮಕ್ಕಳ ಕೇಕೆಗೆ ಹೆಡ್ ಮೇಡಂ ಓಡಿಬಂದರು.

"ಪಂದ್ಯ ಯಾರು ಗೆದ್ದಿದ್ದು?" ಆಮೇಲೆ ಟೀಚರ್ ಅವನನ್ನು ಕೇಳಿದಳು.

"ಕಂಡುಹಿಡಿದಿದ್ದು ಯಾಕಮ್ಮನೇ. ಆದ್ರೆ ನೀವು ಜೊತೆಗಿಲ್ದಿದ್ರೆ ಇಷ್ಟು ಬೇಗ ಆಗ್ತಿರಲಿಲ್ಲ. ಅರ್ಧ ನಿಮ್ಮದು, ಅರ್ಧ ನನ್ನದು." ಇನ್ನೂ ಏನೋ ಹೇಳಲು ಬಾಯಿ ತೆರೆದ. ಮುಚ್ಚಿಕೊಂಡು ಹೊರಟುಹೋದ.

ಶುಕ್ರವಾರ ಅವನು ಬರಲಿಲ್ಲ. ಹೆಡ್ ಮೇಡಂ ಮೇಜಿನ ಮೇಲೆ ಅವನ ಪತ್ರವಿತ್ತು.

'ಈ ತರಗತಿಯ ಆರು ವಾರಗಳ ವೀಕ್ಷಣೆಯನ್ನು ನನ್ನ ಪ್ರಬಂಧದಿಂದ ಕೈಬಿಡುತ್ತಿದ್ದೇನೆ.'

ಅವಳ ಕಣ್ಣು ಮಂಜಾಯಿತು. ಮುಂದಿನ ಸಾಲು ಕಾಣಲೇ ಇಲ್ಲ. ಶಾಲೆ ಬಿಟ್ಟದ್ದೇ ತಡ, ದಡದಡನೆ ಕಾಲೇಜಿಗೆ ನಡೆದಳು. ಅವನು ಕಾಗದದ ರಾಶಿಯ ನಡುವೆ ಕೂತಿದ್ದ.

"ಆರು ವಾರ ನೋಡಿದ್ರಲ್ಲ... ಒಂದು ಸಾಲಿಗೂ ಲಾಯಕ್ಕಿಲ್ವಾ ನನ್ನ ಮಕ್ಕಳು? ನಾನು?"

ಅವನು ಗಾಬರಿಯಿಂದ ಎದ್ದ. "ಪತ್ರ ಪೂರ್ತಿ ಓದಿದ್ರಾ?"

"ಮೊದಲನೇ ಸಾಲೇ ಸಾಕಾಯ್ತು!"

ಅವನು ಪತ್ರದ ಪ್ರತಿ ಮುಂದೆ ಹಿಡಿದ. ಅವಳು ಓದಿದಳು.

'ಕಾರಣ: ವೀಕ್ಷಕ ನಿಷ್ಪಕ್ಷಪಾತಿಯಾಗಿ ಉಳಿದಿಲ್ಲ. ಮಕ್ಕಳನ್ನು ನೋಡಬೇಕಾದ ಹೊತ್ತಿನಲ್ಲಿ ಟೀಚರನ್ನು ನೋಡುತ್ತಿದ್ದ.'

ಅವಳು ಪತ್ರದಿಂದ ತಲೆಯೆತ್ತಿದಳು. "ಇದನ್ನ... ಹೆಡ್ ಮೇಡಂ ಓದಿದ್ರಾ?!"

"ಎರಡು ಸಲ. ಫೋನ್ ಮಾಡಿ ನಕ್ಕರು." ಅವನು ನೋಟ್‌ಬುಕ್ ತೆರೆದು ತೋರಿಸಿದ. 'ಹತ್ತು ಗಂಟೆ ಹತ್ತು ನಿಮಿಷ: ಟೀಚರ್ ನಕ್ಕರು. ಹತ್ತು ಹನ್ನೆರಡು: ಮತ್ತೆ ನಕ್ಕರು. ಮಕ್ಕಳು ಏನು ಮಾಡುತ್ತಿದ್ದರೋ ಗೊತ್ತಿಲ್ಲ.'

"ಇದನ್ನ ಸಂಶೋಧನೆ ಅಂತ ಹೇಗೆ ಕೊಡಲಿ? ಬೇರೆ ಶಾಲೆ ಹುಡುಕಿ ಮೊದಲಿಂದ ಶುರು ಮಾಡ್ತೀನಿ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ?"

"ಸಮಯ ಬಂದಾಗ ಮಾತು ತಾನಾಗೇ ಬರುತ್ತೆ ಅಂತ ಕಾದೆ... ಬರಲಿಲ್ಲ."

"ಅದಕ್ಕೇ ನಾನು ಹೇಳೋದು, ಜೊತೆಗೊಬ್ರು ಬೇಕು ಅಂತ!" ಅವಳು ಕುರ್ಚಿ ಎಳೆದು ಅವನೆದುರು ಕೂತಳು. "ಹೂಂ, ಹೇಳಿ. 'ನಾನು...'"

"ನಾನು..."

"'ನಿಮ್ಮನ್ನ...'"

"ನಿಮ್ಮನ್ನ..."

ಅವಳು ಅಲ್ಲಿಗೆ ನಿಲ್ಲಿಸಿದಳು. ಕಾದಳು. ಅವನ ಕಿವಿ ಕೆಂಪಾಯಿತು.

"...ತುಂಬಾ ಪ್ರೀತಿಸ್ತೀನಿ."

ಖುಷಿಯಿಂದ ಅವಳ ಕಣ್ಣು ತುಂಬಿ ಬಂತು.

"ಕೊನೇದು ನಾನು ಹೇಳಿಕೊಡಲೇ ಇಲ್ಲ," ಎಂದಳು ಮೆಲ್ಲಗೆ.

"ಅದು ತಾನಾಗೇ ಬಂತು... ಮನೇಲಿ ಯಾರನ್ನ ಕೇಳಬೇಕು?"

"ಅಣ್ಣನ್ನ. ಅತ್ತಿಗೆ ಆಗಲೇ ಒಪ್ಪಿಬಿಟ್ಟಿದ್ದಾರೆ."

"ಮತ್ತೆ ನೀವು?"

"ನನ್ನನ್ನ ಇನ್ನೂ ಕೇಳೇ ಇಲ್ವಲ್ಲ!"

"ಈಗ ಕೇಳ್ತಿದ್ದೀನಿ."

ಅವಳು ಅವನ ಕೈ ಹಿಡಿದುಕೊಂಡಳು.

"ಹೂಂ," ಎಂದಳು.