ಕಾಲು ತೊಳೆಯುವ ನೀರು

ಲಿಂಗನಮಕ್ಕಿ ಹಿನ್ನೀರು ಇಳಿದಾಗ ಕಾಣಿಸುವ ಮುಳುಗಡೆ ಮನೆಗಳ ಬಗ್ಗೆ ನನ್ನದೇ ಒಂದು ಫೋಟೊ ಪ್ರಾಜೆಕ್ಟ್ ಮಾಡಬೇಕೆಂದಿದ್ದೆ. ಜಾಗ ಗೊತ್ತುಮಾಡಲು ಮೇ ತಿಂಗಳ ಮಟಮಟ ಮಧ್ಯಾಹ್ನ ಸಹಪಾಠಿ ಸ್ವಾತಿಯೊಂದಿಗೆ ಹೋದೆ. ಗೋಡೆಯಿಲ್ಲದ ಒಂದು ಮನೆಯ ಮೆಟ್ಟಿಲ ಬಳಿ ಅಭ್ಯಾಸದಂತೆ ಚಪ್ಪಲಿ ಬಿಟ್ಟು ಹತ್ತಿದೆವು. ಕಾದ ಕಲ್ಲು ಅಂಗಾಲು ಸುಡುತ್ತಿತ್ತು. ಅವಳನ್ನು ಜಗಲಿಯಲ್ಲಿ ನಿಲ್ಲಿಸಿ, ಕೆಳಗಿಳಿದು ಮೂರು ಫೋಟೊ ತೆಗೆದೆ.

"ಕಾಲೆಲ್ಲ ಒದ್ದೆಯಾಯ್ತು ಕಣೋ. ಎಷ್ಟು ತಣ್ಣಗಿದೆ," ಎಂದಳು. ಹತ್ತಿರದಲ್ಲೆಲ್ಲೂ ನೀರಿರಲಿಲ್ಲ.

ಸಂಜೆ ಫೋಟೊ ನೋಡಿದ ಅವಳ ಅಜ್ಜಿ ಶಾಂತಮ್ಮ ಗದರಿದರು: "ಚೊಂಬಲ್ಲಿ ನೀರು ತಂದಿಟ್ಟಿದಾರಲ್ಲ. ಕಾಲು ತೊಳೀದೆ ಹಂಗೇ ಒಳಗೆ ಹೋದ್ರಾ?"

ನಾವು ಅಲ್ಲಿ ಚೊಂಬು ನೋಡಿರಲೇ ಇಲ್ಲ. ಮೊದಲ ಫೋಟೊದಲ್ಲಿ ಅದು ನಮ್ಮ ಚಪ್ಪಲಿಯ ಪಕ್ಕದಲ್ಲಿದೆ. ಎರಡನೆಯದರಲ್ಲಿ ಮೇಲಿನ ಮೆಟ್ಟಿಲ ಮೇಲಿದೆ. ಮೂರನೆಯದರಲ್ಲಿ ಸ್ವಾತಿಯ ಪಾದಗಳ ಮೇಲೆ ಬಾಗಿದೆ. ಹಿಡಿದವರು ಯಾರೂ ಇಲ್ಲ.